ಬೆಡ್ಲಮ್‌ನಿಂದ ಬಿಗ್ ಬಾಸ್‌ವರೆಗೆ: ನೋಟದ ವಸ್ತುವಾದ ಮನೋರೋಗ

ಎಲ್ಲರ ಮನೆಯ ದೋಸೆಯೂ ತೂತೇ ಎಂಬುದು ನಮ್ಮ ಹಿರಿಯರ ಮಾತು. ಆದರೂ ತನ್ನ ಮನೆಯ ದೋಸೆಯನ್ನು ಮುಚ್ಚಿಟ್ಟುಕೊಂಡು ಪಕ್ಕದ ಮನೆಯ ಕಾವಲಿಯ ಕಡೆಗೆ ಕತ್ತು ಚಾಚುವುದು ಮನುಷ್ಯನ ಹುಟ್ಟುಗುಣ. ಈ ಗುಣವನ್ನೇ ಬಂಡವಾಳ ಮಾಡಿಕೊಂಡು ಬೆಳೆದ ಉದ್ಯಮವೆಂದರೆ ಇಂದಿನ ರಿಯಾಲಿಟಿ ಷೋ. ನಟರಿಲ್ಲ, ಕಥೆಯಿಲ್ಲ, ನಡೆದದ್ದನ್ನು ನಡೆದ ಹಾಗೆಯೇ ತೋರಿಸುತ್ತೇವೆ ಎಂಬುದು ಅದರ ಹೆಗ್ಗಳಿಕೆ. ಅಳು, ಸಿಟ್ಟು, ನಿದ್ದೆಗೇಡು, ಸಂಶಯ, ಕುಡಿತದ ಚಟ, ಮನಸ್ಸಿನ ಕುಸಿತ ಇವೆಲ್ಲ ಅಲ್ಲಿ ಮಾರಾಟದ ಸರಕು. ಈ ಷೋಗಳಲ್ಲಿ ಮನೋರೋಗ ಹೇಗೆ ಕಾಣಿಸಿಕೊಳ್ಳುತ್ತದೆ, ಹಾಗೆ ಕಾಣಿಸುವುದರಿಂದ ಯಾರಿಗೆ ಏನಾಗುತ್ತದೆ ಎಂಬುದು ಈ ಲೇಖನದ ವಿಷಯ. ಇದನ್ನು ತಿಳಿಯಬೇಕಾದರೆ ಟೆಲಿವಿಷನ್ ಹುಟ್ಟುವುದಕ್ಕಿಂತ ಎರಡು ಮೂರು ಶತಮಾನ ಹಿಂದಕ್ಕೆ ಹೋಗಬೇಕು. ಏಕೆಂದರೆ ಮನೋರೋಗಿಯನ್ನು ನೋಡಲು ಜನ ಸೇರುವುದು ಹೊಸ ಸಂಗತಿಯೇನಲ್ಲ.

ಬೆತ್ಲೆಮ್ ಆಸ್ಪತ್ರೆಯ ಹೆಬ್ಬಾಗಿಲು

ಲಂಡನ್ನಿನಲ್ಲಿ 1247ರಲ್ಲಿ ಒಂದು ಕ್ರೈಸ್ತ ಮಠವಾಗಿ ಹುಟ್ಟಿ, ಮುಂದೆ ಬುದ್ಧಿಭ್ರಮಣೆಯಾದವರ ಆಸ್ಪತ್ರೆಯಾಗಿ ಬೆಳೆದ ಸಂಸ್ಥೆ ಬೆತ್ಲೆಮ್. ಜನರ ಬಾಯಲ್ಲಿ ಅದು ‘ಬೆಡ್ಲಮ್’ ಆಯಿತು. ಗದ್ದಲ ಗೊಂದಲಗಳಿಗೆ ಇಂಗ್ಲಿಷಿನಲ್ಲಿ ಇಂದಿಗೂ ಅದೇ ಹೆಸರು. 1676ರಲ್ಲಿ ಈ ಆಸ್ಪತ್ರೆ ಮೂರ್‌ಫೀಲ್ಡ್ಸ್ ಎಂಬಲ್ಲಿ ಅರಮನೆಯಂತಹ ಹೊಸ ಕಟ್ಟಡಕ್ಕೆ ಬಂತು. ಅದರ ಹೆಬ್ಬಾಗಿಲ ಮೇಲೆ ಎರಡು ಶಿಲಾಪ್ರತಿಮೆಗಳು: ಒಂದು ಸರಪಳಿ ತೊಟ್ಟ ಉನ್ಮಾದ, ಮತ್ತೊಂದು ಮಂಕು ಬಡಿದ ವಿಷಾದ. ಒಳಗೆ ಏನಿದೆಯೆಂಬುದನ್ನು ಬಾಗಿಲಲ್ಲೇ ಸಾರುವ ಜಾಹೀರಾತಿನಂತಿದ್ದವು ಅವು.

ಈ ಆಸ್ಪತ್ರೆಗೆ ಹೊರಗಿನವರು ಬಂದು ರೋಗಿಗಳನ್ನು ನೋಡಬಹುದಾಗಿತ್ತು. ಬಾಗಿಲಲ್ಲಿ ಕಾಣಿಕೆಯ ಪೆಟ್ಟಿಗೆ ಇರುತ್ತಿತ್ತು. ಹಬ್ಬದ ರಜೆಗಳಲ್ಲಂತೂ ಜನವೋ ಜನ. ಜಾತ್ರೆಗೆ ಹೋದಂತೆ ಹೆಂಗಸರು ಮಕ್ಕಳು ಸಮೇತ ಹೋಗಿ, ರೋಗಿಗಳನ್ನು ಕೆಣಕಿ, ಅವರ ಉತ್ತರ ಕೇಳಿ ನಕ್ಕು ಬರುತ್ತಿದ್ದರು. ಇದಕ್ಕೆ ಎರಡು ಸಮರ್ಥನೆಗಳಿದ್ದವು. ಬಂದವರು ಕೊಟ್ಟ ಹಣದಿಂದ ಆಸ್ಪತ್ರೆ ನಡೆಯುತ್ತದೆ ಎಂಬುದು ಒಂದು. ದುರ್ನಡತೆಯಿಂದ ಬುದ್ಧಿ ಕೆಟ್ಟವರನ್ನು ಕಂಡರೆ ನೋಡುವವನಿಗೆ ವಿವೇಕ ಮೂಡುತ್ತದೆ ಎಂಬುದು ಇನ್ನೊಂದು. ಇಂದಿನ ಟಿ.ವಿ. ನಿರ್ಮಾಪಕರು ‘ಜನಜಾಗೃತಿ’ ಎಂಬ ಮಾತನ್ನು ಬಳಸುವಾಗ ಈ ಎರಡನೆಯ ಸಮರ್ಥನೆಯನ್ನು ನೆನೆಯದೆ ಇರಲಾಗದು.

ವಿಲಿಯಂ ಹೋಗಾರ್ತ್ ಎಂಬ ಚಿತ್ರಕಾರ 1735ರಲ್ಲಿ ಪ್ರಕಟಿಸಿದ ಒಂದು ಚಿತ್ರಸರಣಿಯಿದೆ. ತಂದೆಯ ಆಸ್ತಿಯನ್ನೆಲ್ಲ ಕುಡಿತ ಜೂಜುಗಳಲ್ಲಿ ಕಳೆದ ಯುವಕನೊಬ್ಬನ ಕಥೆ ಅದು. ಕೊನೆಯ ಚಿತ್ರದಲ್ಲಿ ಆತ ಬೆಡ್ಲಮ್ಮಿನ ನೆಲದ ಮೇಲೆ ಅರೆಬೆತ್ತಲೆಯಾಗಿ ಬಿದ್ದಿದ್ದಾನೆ. ಸುತ್ತ ಬೇರೆ ರೋಗಿಗಳು. ಅವರ ನಡುವೆ ರೇಷ್ಮೆಯುಡುಪಿನ ಇಬ್ಬರು ಸಿರಿವಂತ ಮಹಿಳೆಯರು ನಿಂತಿದ್ದಾರೆ. ಒಬ್ಬಳ ಕೈಯ ಬೀಸಣಿಗೆ ಮುಖದ ಬಳಿಯಿದೆ. ನೋಡಲೂ ಬೇಕು, ನಾಚಿಕೆಯೂ ಆಗಬೇಕು. ಎದುರಿನ ಮನುಷ್ಯನ ಹೆಸರು, ಊರು, ಅವನಿಗೆ ಬೇಕಾದ ಔಷಧಿ ಯಾವುದೂ ಆಕೆಗೆ ಬೇಡ. ಹೋಗಾರ್ತ್ ರೋಗಿಯೊಡನೆ ಪ್ರೇಕ್ಷಕರನ್ನೂ ಚಿತ್ರದೊಳಗೆ ತಂದ. ಅದೇ ಅವನ ಹಿರಿಮೆ.

1770ರಲ್ಲಿ ಆಸ್ಪತ್ರೆಯ ಆಡಳಿತ ಮಂಡಲಿ ಈ ನಿರ್ಬಂಧವಿಲ್ಲದ ಭೇಟಿಯನ್ನು ನಿಲ್ಲಿಸಿತು. ಆಡಳಿತದವರ ಚೀಟಿಯಿಲ್ಲದೆ ಒಳಗೆ ಹೋಗುವಂತಿರಲಿಲ್ಲ. ಇಲ್ಲಿಗೆ ಕಥೆ ಮುಗಿದು ಒಳ್ಳೆಯದಾಯಿತು ಎನ್ನುವಂತಿಲ್ಲ. ಬಾಗಿಲು ಮುಚ್ಚಿದ ಮೇಲೆ ಒಳಗೆ ಏನು ನಡೆಯುತ್ತಿದೆಯೆಂದು ಕೇಳುವವರೂ ಇಲ್ಲವಾದರು. 1814ರಲ್ಲಿ ಎಡ್ವರ್ಡ್ ವೇಕ್‌ಫೀಲ್ಡ್ ಎಂಬ ಸುಧಾರಕ ಆಸ್ಪತ್ರೆಯೊಳಗೆ ಹೋದಾಗ ನಾರಿಸ್ ಎಂಬ ರೋಗಿಯನ್ನು ಕಂಡ. ಕುತ್ತಿಗೆಗೆ, ಎದೆಗೆ, ತೋಳಿಗೆ ಕಬ್ಬಿಣದ ಪಟ್ಟಿಗಳನ್ನು ಹಾಕಿ ಕಂಬಕ್ಕೆ ಬಿಗಿದು ಆತನನ್ನು ವರ್ಷಗಟ್ಟಲೆ ಇರಿಸಿದ್ದರು. ಆ ಸ್ಥಿತಿಯಲ್ಲಿ ಆತನ ಚಿತ್ರ ಬರೆಸಿ ಅಚ್ಚು ಹಾಕಿಸಿ ಹಂಚಲಾಯಿತು. 1815ರಲ್ಲಿ ಪಾರ್ಲಿಮೆಂಟು ವಿಚಾರಣಾ ಸಮಿತಿಯನ್ನು ನೇಮಿಸಿತು.

ಒಂದೇ ಆಸ್ಪತ್ರೆ, ಎರಡು ಬಗೆಯ ನೋಟ. ಮೊದಲನೆಯ ನೋಟ ರೋಗಿಯನ್ನು ಕಂಡು ನಕ್ಕಿತು. ಎರಡನೆಯದು ಸರಪಳಿ ಹಾಕಿದವರು ಯಾರೆಂದು ಕೇಳಿತು. ಮುಂದಿನ ಎರಡು ನೂರು ವರ್ಷಗಳ ಚರಿತ್ರೆಯಲ್ಲಿ ಈ ಎರಡು ನೋಟಗಳೂ ಅಕ್ಕಪಕ್ಕದಲ್ಲೇ ನಡೆದು ಬಂದಿವೆ.

1887: ಪ್ಯಾರಿಸ್ ಮತ್ತು ನ್ಯೂಯಾರ್ಕ್

ಪ್ಯಾರಿಸಿನ ಸಾಲ್‌ಪೆಟ್ರಿಯರ್ ಆಸ್ಪತ್ರೆಯ ವೈದ್ಯ ಷಾರ್ಕೊ ನರರೋಗ ಶಾಸ್ತ್ರದ ಮೂಲಪುರುಷರಲ್ಲಿ ಒಬ್ಬ. ಆತನ ಉಪನ್ಯಾಸಗಳಿಗೆ ವೈದ್ಯರಷ್ಟೇ ಅಲ್ಲದೆ ಲೇಖಕರು, ನಟರು, ಶ್ರೀಮಂತರು ಬಂದು ಕೂರುತ್ತಿದ್ದರು. ಯುವಕನಾಗಿದ್ದ ಫ್ರಾಯ್ಡ್ ಕೂಡ 1885ರಲ್ಲಿ ಅಲ್ಲಿಗೆ ಹೋದವನೇ. ಹಿಸ್ಟೀರಿಯಾ ಎಂದು ಆಗ ಕರೆಯಲಾಗುತ್ತಿದ್ದ ಬೇನೆಯ ಹೆಂಗಸರನ್ನು ವೇದಿಕೆಗೆ ಕರೆತಂದು, ಸಂಮೋಹನಕ್ಕೆ ಒಳಪಡಿಸಿ, ಮೈ ಬಿಲ್ಲಿನಂತೆ ಬಾಗುವುದನ್ನೂ ಸೆಟೆಯುವುದನ್ನೂ ತೋರಿಸಲಾಗುತ್ತಿತ್ತು. ಆಸ್ಪತ್ರೆಯಲ್ಲೇ ಛಾಯಾಚಿತ್ರ ವಿಭಾಗವಿತ್ತು. ರೋಗಿಗಳ ಭಂಗಿಗಳ ಚಿತ್ರಸಂಪುಟಗಳು 1870ರ ದಶಕದಲ್ಲೇ ಅಚ್ಚಾದವು. ಅವುಗಳಲ್ಲಿ ಹೆಚ್ಚು ಕಾಣುವ ಮುಖ ಆಗಸ್ಟೀನ್ ಎಂಬ ಹುಡುಗಿಯದು. ಹದಿನೈದರ ಆಸುಪಾಸಿನಲ್ಲಿ ಆಸ್ಪತ್ರೆ ಸೇರಿದ ಆಕೆ 1880ರಲ್ಲಿ ಗಂಡುಡುಗೆ ತೊಟ್ಟು ಅಲ್ಲಿಂದ ಓಡಿಹೋದಳು. 1887ರಲ್ಲಿ ಬ್ರೂಯೆ ಎಂಬ ಕಲಾವಿದ ಷಾರ್ಕೊನ ಪ್ರಾತ್ಯಕ್ಷಿಕೆಯೊಂದನ್ನು ದೊಡ್ಡ ಚಿತ್ರವಾಗಿ ಬರೆದು ಪ್ರದರ್ಶಿಸಿದ. ತುಂಬಿದ ಸಭೆಯ ಮುಂದೆ ಪ್ರಜ್ಞೆ ತಪ್ಪಿ ವಾಲಿದ ಹೆಣ್ಣು ಅದರಲ್ಲಿದ್ದಾಳೆ.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಸಭೆ ಏನನ್ನು ನೋಡಲು ಬಯಸುತ್ತಿತ್ತೋ ಅದನ್ನು ತೋರಿಸುವುದನ್ನು ಆ ರೋಗಿಗಳು ಕಲಿತುಬಿಟ್ಟರು ಎಂದು ನಂತರದ ವಿದ್ವಾಂಸರು ಹೇಳಿದ್ದಾರೆ. 1893ರಲ್ಲಿ ಷಾರ್ಕೊ ತೀರಿಕೊಂಡ ಮೇಲೆ ಆ ಬಗೆಯ ಭಾರಿ ಹಿಸ್ಟೀರಿಯಾ ಕಾಣಸಿಗುವುದೇ ಅಪರೂಪವಾಯಿತು. ಹಾಗೆಂದು ಆ ಹೆಂಗಸರ ನೋವು ಸುಳ್ಳಾಗಿರಲಿಲ್ಲ. ನೋವು ನಿಜ, ಅದು ತಾಳಿದ ರೂಪ ಮಾತ್ರ ನೋಡುವವರು ಕೊಟ್ಟದ್ದು. ಕ್ಯಾಮರಾದ ಮುಂದೆ ಕೂತವನು ಕ್ಯಾಮರಾಕ್ಕೆ ಬೇಕಾದಂತೆ ಆಗುತ್ತಾನೆ ಎಂಬ ಪಾಠ ಅಲ್ಲಿಂದಲೇ ಆರಂಭ.

ಅದೇ 1887ರಲ್ಲಿ, ಅಟ್ಲಾಂಟಿಕ್ ಸಾಗರದ ಆಚೆ, ನೆಲ್ಲಿ ಬ್ಲೈ ಎಂಬ ಪತ್ರಕರ್ತೆ ಬುದ್ಧಿ ಕೆಟ್ಟವಳಂತೆ ನಟಿಸಿ ನ್ಯೂಯಾರ್ಕಿನ ಬ್ಲ್ಯಾಕ್‌ವೆಲ್ಸ್ ದ್ವೀಪದ ಹುಚ್ಚಾಸ್ಪತ್ರೆ ಸೇರಿದಳು. ಒಳಹೊಕ್ಕ ಮೇಲೆ ನಟನೆ ಬಿಟ್ಟು ಸಹಜವಾಗಿಯೇ ನಡೆದುಕೊಂಡರೂ ಯಾರೂ ನಂಬಲಿಲ್ಲ. ಹತ್ತು ದಿನದ ನಂತರ ಪತ್ರಿಕೆಯವರು ಬಿಡಿಸಿಕೊಂಡು ಬಂದರು. ಹಳಸಿದ ಅನ್ನ, ತಣ್ಣೀರ ಸ್ನಾನ, ದಾದಿಯರ ಹೊಡೆತ ಎಲ್ಲವನ್ನೂ ಆಕೆ ಬರೆದಳು. ತನಿಖೆ ನಡೆಯಿತು, ಆಸ್ಪತ್ರೆಗಳಿಗೆ ಕೊಡುವ ಹಣ ಹೆಚ್ಚಿತು. ಪ್ಯಾರಿಸಿನ ಸಭಿಕ ರೋಗಿಯ ಎದುರು ಕುರ್ಚಿ ಹಾಕಿಕೊಂಡು ಕೂತ. ನೆಲ್ಲಿ ಬ್ಲೈ ರೋಗಿಯ ಪಕ್ಕದ ಬೆಂಚಿನಲ್ಲಿ ಕೂತಳು.

ಚಲಿಸುವ ಚಿತ್ರ ಬಂದಾಗ

ಎರಡನೆಯ ಮಹಾಯುದ್ಧದ ನಂತರ, 1946ರಲ್ಲಿ, ಅಮೆರಿಕದ ‘ಲೈಫ್’ ಪತ್ರಿಕೆ ‘ಬೆಡ್ಲಮ್ 1946’ ಎಂಬ ಹೆಸರಿನಲ್ಲಿ ಸರ್ಕಾರಿ ಮಾನಸಿಕ ಆಸ್ಪತ್ರೆಗಳ ದುಃಸ್ಥಿತಿಯನ್ನು ಛಾಯಾಚಿತ್ರ ಸಮೇತ ಪ್ರಕಟಿಸಿತು. 1967ರಲ್ಲಿ ಫ್ರೆಡರಿಕ್ ವೈಸ್‌ಮನ್ ‘ಟಿಟಿಕಟ್ ಫಾಲೀಸ್’ ಎಂಬ ಸಾಕ್ಷ್ಯಚಿತ್ರ ಮಾಡಿದರು. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಅಪರಾಧಿಗಳೆನಿಸಿದ ಮನೋರೋಗಿಗಳನ್ನು ಇರಿಸಿದ್ದ ಬ್ರಿಜ್‌ವಾಟರ್ ಆಸ್ಪತ್ರೆಯ ಚಿತ್ರ ಅದು. ಬತ್ತಲೆಯಾಗಿ ನಿಲ್ಲಿಸಿದ ರೋಗಿಗಳು, ಅವರನ್ನು ಕೆಣಕಿ ನಗುವ ಕಾವಲುಗಾರರು ಅದರಲ್ಲಿದ್ದಾರೆ. ರೋಗಿಗಳ ಖಾಸಗಿತನಕ್ಕೆ ಭಂಗವಾಯಿತೆಂದು ರಾಜ್ಯ ಸರ್ಕಾರ ನ್ಯಾಯಾಲಯಕ್ಕೆ ಹೋಯಿತು. ಸಾರ್ವಜನಿಕ ಪ್ರದರ್ಶನಕ್ಕೆ ಬಿದ್ದ ತಡೆ 1991ರವರೆಗೂ ಉಳಿಯಿತು.

ಈ ಮೊಕದ್ದಮೆಯಲ್ಲಿ ಯಾರ ಕಡೆ ನ್ಯಾಯವಿತ್ತು? ತಮ್ಮ ಕ್ರೌರ್ಯವನ್ನು ಮುಚ್ಚಿಕೊಳ್ಳಲು ಅಧಿಕಾರಿಗಳು ರೋಗಿಗಳ ಮಾನವನ್ನು ಅಡ್ಡ ಹಿಡಿದರು ಎಂಬುದು ನಿಜವಾದೀತು. ಆದರೆ ತನ್ನ ಬತ್ತಲೆ ಮೈಯನ್ನು ಊರೆಲ್ಲ ನೋಡಲೆಂದು ಆ ರೋಗಿ ಒಪ್ಪಿದ್ದನೇ, ಒಪ್ಪುವ ಸ್ಥಿತಿಯಲ್ಲಿ ಇದ್ದನೇ ಎಂಬ ಪ್ರಶ್ನೆಯೂ ಸುಳ್ಳಲ್ಲ. ಒಳ್ಳೆಯ ಉದ್ದೇಶವಿದ್ದ ಮಾತ್ರಕ್ಕೆ ಒಪ್ಪಿಗೆಯ ಪ್ರಶ್ನೆ ಅಳಿಸಿಹೋಗುವುದಿಲ್ಲ.

ಟೆಲಿವಿಷನ್ ಎಷ್ಟು ಒಳ್ಳೆಯದನ್ನು ಮಾಡಬಲ್ಲುದು ಎಂಬುದಕ್ಕೂ ಉದಾಹರಣೆಯಿದೆ. 1972ರಲ್ಲಿ ಜೆರಾಲ್ಡೊ ರಿವೇರಾ ಎಂಬ ವರದಿಗಾರ ನ್ಯೂಯಾರ್ಕಿನ ವಿಲ್ಲೊಬ್ರೂಕ್ ಶಾಲೆಯೊಳಗೆ ಕ್ಯಾಮರಾ ಒಯ್ದರು. ಅಲ್ಲಿದ್ದವರು ಬುದ್ಧಿಮಾಂದ್ಯ ಮಕ್ಕಳು. ಮನೋರೋಗ ಬೇರೆ, ಬುದ್ಧಿಮಾಂದ್ಯ ಬೇರೆ. ಆದರೆ ಸಮಾಜ ಇಬ್ಬರನ್ನೂ ಕಟ್ಟಿ ಕೂಡಿಹಾಕಿದ ಬಗೆ ಒಂದೇ. ಹೊಲಸಿನಲ್ಲಿ ಬಿದ್ದಿದ್ದ ಮಕ್ಕಳನ್ನು ಮನೆಮನೆಯಲ್ಲಿ ಜನ ಕಂಡರು. ತಂದೆತಾಯಂದಿರು ನ್ಯಾಯಾಲಯಕ್ಕೆ ಹೋದರು, 1975ರಲ್ಲಿ ಸುಧಾರಣೆಯ ಒಪ್ಪಂದವಾಯಿತು, 1987ರಲ್ಲಿ ಆ ಸಂಸ್ಥೆಯೇ ಮುಚ್ಚಿತು.

‘ನಿಜ’ವನ್ನು ತಯಾರಿಸುವ ಕಾರ್ಖಾನೆ

ಇಲ್ಲಿಯವರೆಗೆ ಕ್ಯಾಮರಾ ಆಸ್ಪತ್ರೆಗೆ ಹೋಗುತ್ತಿತ್ತು. ಮುಂದೆ ಮನೆಯೊಳಗೇ ಬಂತು. 1948ರಲ್ಲಿ ಆರಂಭವಾದ ‘ಕ್ಯಾಂಡಿಡ್ ಕ್ಯಾಮರಾ’ ದಾರಿಹೋಕರನ್ನು ಪೇಚಿಗೆ ಸಿಕ್ಕಿಸಿ ನಗಿಸಿತು. 1973ರಲ್ಲಿ ಅಮೆರಿಕದ ಸಾರ್ವಜನಿಕ ವಾಹಿನಿ ಕ್ಯಾಲಿಫೋರ್ನಿಯದ ಒಂದು ಕುಟುಂಬವನ್ನು ತಿಂಗಳುಗಟ್ಟಲೆ ಚಿತ್ರೀಕರಿಸಿ 12 ಕಂತುಗಳಲ್ಲಿ ತೋರಿಸಿತು. ಆ ದಂಪತಿಗಳು ಬೇರೆಯಾದದ್ದೂ ಕ್ಯಾಮರಾದ ಮುಂದೆಯೇ.

1997ರಲ್ಲಿ ಸ್ವೀಡನ್ ದೇಶದ ‘ಎಕ್ಸ್‌ಪೆಡಿಷನ್ ರಾಬಿನ್ಸನ್’ ಬಂತು. ದ್ವೀಪವೊಂದರಲ್ಲಿ ಕೆಲವರನ್ನು ಬಿಟ್ಟು, ಅವರೇ ಮತ ಹಾಕಿ ಒಬ್ಬೊಬ್ಬರನ್ನು ಹೊರದಬ್ಬುವ ಆಟ. ಮೊದಲು ಹೊರಬಿದ್ದ ಸ್ಪರ್ಧಿ ಬೋಸ್ನಿಯದ ಯುದ್ಧದಿಂದ ಓಡಿಬಂದ ನಿರಾಶ್ರಿತ. ಕಾರ್ಯಕ್ರಮ ಪ್ರಸಾರವಾಗುವ ಮೊದಲೇ ಆತ ಪ್ರಾಣ ಕಳೆದುಕೊಂಡ. ಆದರೂ ಕಾರ್ಯಕ್ರಮ ನಿಲ್ಲಲಿಲ್ಲ. ಲೋಕದ ಹತ್ತಾರು ದೇಶಗಳಿಗೆ ಹಬ್ಬಿತು. 1999ರಲ್ಲಿ ನೆದರ್ಲೆಂಡ್ಸ್‌ನಲ್ಲಿ ‘ಬಿಗ್ ಬ್ರದರ್’ ಹುಟ್ಟಿತು. ನಮ್ಮ ಬಿಗ್ ಬಾಸ್ ಅದರ ಭಾರತೀಯ ಕುಡಿ: ಹಿಂದಿಯಲ್ಲಿ 2006ರಿಂದ, ಕನ್ನಡದಲ್ಲಿ 2013ರಿಂದ.

ಈ ಮನೆಯ ಏರ್ಪಾಡನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಗಡಿಯಾರವಿಲ್ಲ, ಫೋನಿಲ್ಲ, ಪತ್ರಿಕೆಯಿಲ್ಲ. ಹೆಂಡತಿ ಮಕ್ಕಳ ದನಿಯಿಲ್ಲ. ಗೋಡೆಗೊಂದು ಕಣ್ಣು. ಜೊತೆಗಿರುವವರೆಲ್ಲ ಎದುರಾಳಿಗಳು. ವಾರಕ್ಕೊಮ್ಮೆ ಯಾರನ್ನು ಹೊರಗೆ ಹಾಕಬೇಕೆಂಬ ಹೆಸರಿಸುವಿಕೆ. ಮನಸ್ಸು ಗಟ್ಟಿಯಾಗಿರಬೇಕಾದರೆ ನಿಯಮಿತ ನಿದ್ದೆ, ನಂಬುವ ಜನ, ತನ್ನದೆನ್ನುವ ಒಂದಿಷ್ಟು ಏಕಾಂತ ಬೇಕೆಂದು ಯಾವ ಮನೋವೈದ್ಯರನ್ನು ಕೇಳಿದರೂ ಹೇಳುತ್ತಾರೆ. ಈ ಮೂರನ್ನೂ ಕಿತ್ತುಕೊಂಡು, ಆಮೇಲೆ ಯಾರು ಮೊದಲು ಕಿರುಚುತ್ತಾರೆ ಎಂದು ಕಾಯುವುದೇ ಆಟದ ಜೀವಾಳ. ಇಪ್ಪತ್ತನಾಲ್ಕು ಗಂಟೆಯ ಬದುಕಿನಲ್ಲಿ ನಮಗೆ ಕಾಣಿಸುವುದು ಸುಮಾರು ಒಂದು ಗಂಟೆ. ಸಿಟ್ಟು ಉಳಿಯುತ್ತದೆ, ಸಿಟ್ಟಿಗೆ ಕಾರಣವಾದ ಮೂರು ದಿನದ ಕಿರಿಕಿರಿ ಕತ್ತರಿಗೆ ಸಿಗುತ್ತದೆ. ನೋಡಿದವರು ‘ಇವಳಿಗೆ ಹುಚ್ಚು’ ಎಂದು ತೀರ್ಪು ಕೊಟ್ಟು ಮಲಗುತ್ತಾರೆ.

ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ಯಾರೋ ಗುಟ್ಟಾಗಿ ನನ್ನ ಬದುಕನ್ನೆಲ್ಲ ಚಿತ್ರೀಕರಿಸುತ್ತಿದ್ದಾರೆ, ನಾನೊಂದು ಟಿ.ವಿ. ಕಾರ್ಯಕ್ರಮದ ಪಾತ್ರ ಎಂದು ನಂಬುವ ರೋಗಿಗಳು ವೈದ್ಯರ ಬಳಿಗೆ ಬರತೊಡಗಿದರು. 1998ರ ಒಂದು ಹಾಲಿವುಡ್ ಚಿತ್ರದ ಹೆಸರಿನಿಂದ ಇದನ್ನು ‘ಟ್ರೂಮನ್ ಷೋ ಭ್ರಮೆ’ ಎಂದು ಕರೆದು, ಜೋಯೆಲ್ ಗೋಲ್ಡ್ ಮತ್ತು ಇಯಾನ್ ಗೋಲ್ಡ್ ಎಂಬ ಸೋದರರು 2012ರಲ್ಲಿ ಲೇಖನ ಪ್ರಕಟಿಸಿದರು. ಹಿಂದೆ ದೆವ್ವ, ಮಾಟ, ರೇಡಿಯೊ ಅಲೆಗಳು ಇದ್ದ ಜಾಗದಲ್ಲಿ ಈಗ ರಿಯಾಲಿಟಿ ಷೋ ಬಂದು ಕೂತಿದೆ. ರೋಗ ಹಳೆಯದು, ಅದು ತೊಟ್ಟ ಬಟ್ಟೆ ಮಾತ್ರ ಹೊಸದು.

ಚಿಕಿತ್ಸೆಯೇ ಪ್ರದರ್ಶನವಾದಾಗ

ರೋಗಿಯನ್ನು ನೇರವಾಗಿಯೇ ವಸ್ತುವಾಗಿಸಿಕೊಂಡ ಷೋಗಳೂ ಇವೆ. ಅಮೆರಿಕದಲ್ಲಿ 2005ರಲ್ಲಿ ಬಂದ ‘ಇಂಟರ್‌ವೆನ್ಷನ್’ ಕುಡಿತ, ಮಾದಕ ವಸ್ತುಗಳ ಚಟಕ್ಕೆ ಬಿದ್ದವರ ಕಥೆ. ಚಟದ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತಿದ್ದೇವೆಂದು ಹೇಳಿ ಅವರ ಒಪ್ಪಿಗೆ ಪಡೆಯಲಾಗುತ್ತಿತ್ತು. ಮನೆಮಂದಿಯೆಲ್ಲ ಒಂದು ಕೋಣೆಯಲ್ಲಿ ಕಾದು ಕುಳಿತಿರುತ್ತಾರೆ, ಈಗಲೇ ಚಿಕಿತ್ಸೆಗೆ ಹೊರಡು ಎನ್ನುತ್ತಾರೆ ಎಂಬುದು ಅವರಿಗೆ ಗೊತ್ತಿರುತ್ತಿರಲಿಲ್ಲ. 2009ರಲ್ಲಿ ಬಂದ ‘ಹೋರ್ಡರ್ಸ್’, ಹಳೆಯ ಕಾಗದ, ಬಟ್ಟೆ, ಡಬ್ಬಿ ಏನನ್ನೂ ಎಸೆಯಲಾರದೆ ಮನೆಯನ್ನೇ ತುಂಬಿಕೊಂಡವರ ಕಥೆ. ಮನೆಯ ಮುಂದೆ ಲಾರಿ, ಕೈಗವಸಿನ ಆಳುಗಳು, ಕೆಲವೇ ದಿನಗಳ ಗಡುವು, ಅಂಗಳದಲ್ಲಿ ಅಳುವ ಮುದುಕಿ.

ಹೀಗೆ ಕೂಡಿಡುವುದನ್ನು ಅಮೆರಿಕದ ಮನೋವೈದ್ಯರ ಸಂಘ 2013ರ ತನ್ನ ರೋಗಸೂಚಿಯಲ್ಲಿ ಪ್ರತ್ಯೇಕ ಕಾಯಿಲೆಯೆಂದು ಸೇರಿಸಿತು. ಷೋದಿಂದಾಗಿ ಇದೊಂದು ಕಾಯಿಲೆ, ಕೇವಲ ಸೋಮಾರಿತನವಲ್ಲ ಎಂದು ಹಲವರಿಗೆ ತಿಳಿದದ್ದು ಹೌದು. ಆದರೆ ಇದರ ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುವಂಥದು. ಒಂದೊಂದು ವಸ್ತುವನ್ನು ಕೈಯಲ್ಲಿ ಹಿಡಿದು, ಇದು ಬೇಕೇ ಬೇಡವೇ ಎಂದು ರೋಗಿಯೇ ನಿರ್ಧರಿಸುವುದನ್ನು ಕಲಿಸುವ ಕೆಲಸ. ಲಾರಿ ತಂದು ಖಾಲಿ ಮಾಡಿದರೆ ಮನೆ ಚೊಕ್ಕಟವಾದೀತು, ಕಾಯಿಲೆ ಹೋಗದು. ಟಿ.ವಿ.ಗೆ ಬೇಕಾದದ್ದು ಮೊದಲಿನ ಕೊಳಕು ಮತ್ತು ಕೊನೆಯ ಹೊಳಪು. ನಡುವಿನ ತಿಂಗಳುಗಳು ಅದಕ್ಕೆ ಬೇಡ. ವಾಸಿಯಾಗುವುದು ನಡೆಯುವುದಾದರೋ ಆ ತಿಂಗಳುಗಳಲ್ಲೇ.

ಬ್ರಿಟನ್ನಿನಲ್ಲಿ 2005ರಿಂದ ನಡೆದ ‘ಜೆರೆಮಿ ಕೈಲ್ ಷೋ’ ಬಡ ಕುಟುಂಬಗಳ ಜಗಳ, ಚಟ, ಸಂಶಯಗಳನ್ನು ವೇದಿಕೆಗೆ ತಂದು ಸುಳ್ಳುಪತ್ತೆ ಯಂತ್ರದ ಪರೀಕ್ಷೆಗೆ ಒಡ್ಡುತ್ತಿತ್ತು. 2007ರಲ್ಲಿಯೇ ಮ್ಯಾಂಚೆಸ್ಟರಿನ ಒಬ್ಬ ನ್ಯಾಯಾಧೀಶರು ಇದನ್ನು ಹಿಂದಿನ ಕಾಲದ ಕರಡಿ ಕೆಣಕುವ ಆಟಕ್ಕೆ ಹೋಲಿಸಿದರು. 2019ರ ಮೇ ತಿಂಗಳಲ್ಲಿ, ಯಂತ್ರದ ಪರೀಕ್ಷೆಯಲ್ಲಿ ಸುಳ್ಳುಗಾರನೆನಿಸಿಕೊಂಡ ಒಬ್ಬ ಅತಿಥಿ ಚಿತ್ರೀಕರಣವಾದ ಕೆಲವೇ ದಿನಗಳಲ್ಲಿ ಸಾವಿಗೀಡಾದರು. ಷೋ ರದ್ದಾಯಿತು. ಪಾರ್ಲಿಮೆಂಟಿನ ಸಮಿತಿ ವಿಚಾರಣೆ ನಡೆಸಿತು. ಭಾಗವಹಿಸುವವರ ಹಿತರಕ್ಷಣೆಗೆ ಪ್ರಸಾರ ನಿಯಂತ್ರಣ ಸಂಸ್ಥೆ 2021ರಲ್ಲಿ ಹೊಸ ನಿಯಮಗಳನ್ನು ತಂದಿತು. ಅಲ್ಲಿಯವರೆಗೆ ಹದಿನಾಲ್ಕು ವರ್ಷ ಜನ ಅದನ್ನು ಬೆಳಗಿನ ಚಹಾದೊಡನೆ ನೋಡಿದ್ದರು.

ಎಲ್ಲ ಷೋಗಳೂ ಹೀಗೆಯೇ ಎನ್ನುವುದೂ ಸರಿಯಲ್ಲ. 2008ರಲ್ಲಿ ಬಿ.ಬಿ.ಸಿ. ಒಂದು ಕಾರ್ಯಕ್ರಮ ಮಾಡಿತು. ಹತ್ತು ಜನ ಸ್ವಯಂಸೇವಕರು. ಅವರಲ್ಲಿ ಐವರು ಹಿಂದೆ ಮನೋರೋಗಕ್ಕೆ ಚಿಕಿತ್ಸೆ ಪಡೆದವರು, ಉಳಿದ ಐವರು ಅಲ್ಲ. ಒಂದು ವಾರ ಎಲ್ಲರಿಗೂ ಬಗೆಬಗೆಯ ಕೆಲಸ ಕೊಟ್ಟು, ಯಾರು ಯಾರೆಂದು ಗುರುತಿಸುವಂತೆ ಮೂವರು ತಜ್ಞರನ್ನು ಕೇಳಲಾಯಿತು. ತಜ್ಞರಿಂದಲೇ ಎಲ್ಲರನ್ನೂ ಸರಿಯಾಗಿ ಗುರುತಿಸಲಾಗಲಿಲ್ಲ. ನೋಡಿದ ತಕ್ಷಣ ಹೇಳಿಬಿಡುತ್ತೇವೆ ಎಂಬ ನಮ್ಮೆಲ್ಲರ ಜಂಬಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವಿರಲಾರದು. ರಿಯಾಲಿಟಿ ಷೋದ ಹೂರಣವನ್ನೇ ಬಳಸಿ ಅದು ಪ್ರೇಕ್ಷಕನ ಕಣ್ಣನ್ನು ಪರೀಕ್ಷೆಗೊಡ್ಡಿತು.

ನಮ್ಮ ನಾಡಿನ ಮಾತು

ಕನ್ನಡಿಗರಿಗೆ ಈ ವಿಷಯ ಹೊಸದಲ್ಲ. ಮನಃಶಾಸ್ತ್ರ ಓದಿದ್ದ ತ್ರಿವೇಣಿಯವರು ‘ಶರಪಂಜರ’ ಕಾದಂಬರಿ ಬರೆದರು. ಪುಟ್ಟಣ್ಣ ಕಣಗಾಲರು ಅದನ್ನು ಚಿತ್ರವಾಗಿಸಿದರು. ಬಾಣಂತನದ ನಂತರ ಮನಸ್ಸು ಕೆಟ್ಟು, ಆಸ್ಪತ್ರೆಯಲ್ಲಿ ಚೇತರಿಸಿಕೊಂಡು ಬರುವ ಕಾವೇರಿಯಾಗಿ ಕಲ್ಪನಾ ನಟಿಸಿದ್ದನ್ನು ಮರೆತವರಾರು? ಆ ಕಥೆಯ ತಿರುಳು ಆಸ್ಪತ್ರೆಯಲ್ಲಿಲ್ಲ. ವಾಸಿಯಾಗಿ ಮನೆಗೆ ಬಂದವಳನ್ನು ಗಂಡ, ನೆರೆಹೊರೆ, ಆಳುಕಾಳು ಎಲ್ಲರೂ ಕಣ್ಣಂಚಿನಲ್ಲಿ ಅಳೆಯುತ್ತಾರೆ. ನಕ್ಕರೂ ಸಂಶಯ, ಅತ್ತರೂ ಸಂಶಯ. ಆ ಕಣ್ಣುಗಳೇ ಅವಳ ಶರಪಂಜರ. ವೈದ್ಯರೂ ‘ಕೊರವಂಜಿ’ಯ ಸಂಪಾದಕರೂ ಆಗಿದ್ದ ರಾಶಿಯವರು, ಎಂದರೆ ಡಾ. ಎಂ. ಶಿವರಾಂ, ಮನೋರೋಗಗಳ ಬಗ್ಗೆ ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಇಂತಹ ಪರಂಪರೆಯಿರುವ ಭಾಷೆಯಲ್ಲಿ ಇಂದು ‘ಮೆಂಟಲ್’ ಎಂಬ ಬೈಗುಳ ಟಿ.ವಿ.ಯಲ್ಲಿ ಸಲೀಸಾಗಿ ಹರಿದಾಡುತ್ತಿದೆ.

ಬಿಗ್ ಬಾಸ್ ಚರಿತ್ರೆಯಲ್ಲೇ ಒಂದು ಘಟನೆಯಿದೆ. ಮಂಗಳೂರಿನಲ್ಲಿ ಹುಟ್ಟಿದ ಶಿಲ್ಪಾ ಶೆಟ್ಟಿ 2007ರಲ್ಲಿ ಬ್ರಿಟನ್ನಿನ ಷೋದಲ್ಲಿ ಜನಾಂಗ ನಿಂದನೆ ಎದುರಿಸಿ ಗೆದ್ದದ್ದು ನಮಗೆಲ್ಲ ನೆನಪಿದೆ. ನಿಂದಿಸಿದವರಲ್ಲಿ ಒಬ್ಬಳಾದ ಜೇಡ್ ಗೂಡಿ, ಮರುವರ್ಷ ಶಿಲ್ಪಾ ಅವರೇ ನಡೆಸಿಕೊಡುತ್ತಿದ್ದ ಹಿಂದಿ ಬಿಗ್ ಬಾಸ್‌ಗೆ ಬಂದಳು. ಆ ಮನೆಯಲ್ಲಿರುವಾಗಲೇ ಆಕೆಗೆ ಕ್ಯಾನ್ಸರ್ ಇದೆಯೆಂಬ ಸುದ್ದಿ ತಲುಪಿತು. ಆಕೆ ಕೂಡಲೇ ಊರಿಗೆ ಹೊರಟಳು. 2009ರಲ್ಲಿ ತೀರಿಕೊಂಡಳು. ಕ್ಯಾನ್ಸರ್ ಎಂದ ಕೂಡಲೇ ಆಟದ ಬಾಗಿಲು ತೆರೆಯಿತು, ಅದು ಸರಿಯೇ. ಆದರೆ ಅದೇ ಮನೆಯಲ್ಲಿ ಒಬ್ಬರು ರಾತ್ರಿಯೆಲ್ಲ ನಿದ್ದೆಯಿಲ್ಲದೆ ಅಳುತ್ತಾ ಕೂತರೆ ಅದು ನಾಳಿನ ಕಂತಿನ ಜಾಹೀರಾತಾಗುತ್ತದೆ. ದೇಹದ ಕಾಯಿಲೆಗೆ ಮರುಕ, ಮನಸ್ಸಿನ ಕಾಯಿಲೆಗೆ ಮನರಂಜನೆ ಎಂಬ ಭೇದ ನಮ್ಮೊಳಗೇ ಇದೆ. ಟಿ.ವಿ. ಅದನ್ನು ಬಳಸಿಕೊಂಡಿತು ಅಷ್ಟೆ.

ಸರ್ಕಾರದ ಕಣ್ಣೂ ಬೇರೆ ಕಡೆಗೇ ಇತ್ತು. 2010ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಮಂತ್ರಾಲಯ ಬಿಗ್ ಬಾಸ್ ಸೇರಿದಂತೆ ಎರಡು ಷೋಗಳನ್ನು ರಾತ್ರಿ 11ರ ನಂತರವೇ ತೋರಿಸಬೇಕೆಂದು ಆಜ್ಞೆ ಮಾಡಿತು. ವಾಹಿನಿ ಬೊಂಬಾಯಿ ಹೈಕೋರ್ಟಿನಿಂದ ತಡೆ ತಂದಿತು. ಅಂದಿನ ಆಕ್ಷೇಪ ಕೆಟ್ಟ ಮಾತು, ಅಸಭ್ಯತೆಗಳ ಬಗ್ಗೆ. ಮನಸ್ಸಿಗಾಗುವ ಗಾಯದ ಮಾತು ಮುಂಚೂಣಿಗೆ ಬರಲೇ ಇಲ್ಲ.

ಭಾರತದಲ್ಲೂ ಕ್ಯಾಮರಾ ಒಳಿತು ಮಾಡಿದ್ದುಂಟು. 2001ರ ಆಗಸ್ಟಿನಲ್ಲಿ ತಮಿಳುನಾಡಿನ ಎರವಾಡಿಯಲ್ಲಿ, ದರ್ಗಾದ ಬಳಿಯ ಖಾಸಗಿ ಆಶ್ರಯ ತಾಣವೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಬಿಗಿದಿದ್ದ ರೋಗಿಗಳು ಓಡಲಾಗದೆ 28 ಮಂದಿ ಸತ್ತರು. ಪತ್ರಿಕಾ ವರದಿ ನೋಡಿ ಸುಪ್ರೀಂ ಕೋರ್ಟು ತಾನಾಗಿಯೇ ವಿಚಾರಣೆ ಕೈಗೆತ್ತಿಕೊಂಡಿತು. ಮುಂದೆ 2017ರಲ್ಲಿ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ ಬಂತು. ರೋಗಿಗೆ ಸರಪಳಿ ಹಾಕುವುದನ್ನು ಅದು ನಿಷೇಧಿಸಿತು. ಅದರ 24ನೆಯ ಸೆಕ್ಷನ್ ಪ್ರಕಾರ, ಚಿಕಿತ್ಸೆಯಲ್ಲಿರುವ ಮನೋರೋಗಿಯ ಚಿತ್ರವನ್ನಾಗಲಿ ವಿವರವನ್ನಾಗಲಿ ಆತನ ಒಪ್ಪಿಗೆಯಿಲ್ಲದೆ ಮಾಧ್ಯಮಗಳಿಗೆ ಕೊಡುವಂತಿಲ್ಲ. ಆದರೆ ಆಸ್ಪತ್ರೆಯ ಹೊರಗೆ, ಒಪ್ಪಂದಕ್ಕೆ ಸಹಿ ಹಾಕಿ ಷೋ ಮನೆಗೆ ಹೋದವರು ಈ ಸೆಕ್ಷನ್ನಿನ ನೆರಳಿಗೆ ಬರುವುದಿಲ್ಲ. ಅವರ ರಕ್ಷಣೆ ಉಳಿದಿರುವುದು ನಿರ್ಮಾಪಕರ ಮನಸ್ಸಾಕ್ಷಿಯಲ್ಲಿ ಮತ್ತು ನಮ್ಮಲ್ಲಿ.

‘ನಮ್ಮಲ್ಲಿ’ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಜಪಾನಿನ ಯುವ ಕುಸ್ತಿಪಟು ಹಾನಾ ಕಿಮುರಾ ‘ಟೆರೇಸ್ ಹೌಸ್’ ಎಂಬ ಷೋದಲ್ಲಿದ್ದರು. ಒಂದು ಕಂತಿನಲ್ಲಿ, ಒಗೆಯುವಾಗ ಹಾಳಾದ ಉಡುಪಿನ ವಿಷಯಕ್ಕೆ ಸಹವಾಸಿಯ ಮೇಲೆ ಸಿಟ್ಟಾದರು. ಕಂತು ನೋಡಿದ ಸಾವಿರಾರು ಜನ ಮೊಬೈಲಿನಲ್ಲಿ ಬೈಗುಳ ಕಳಿಸಿದರು. 2020ರ ಮೇ ತಿಂಗಳಲ್ಲಿ, 22ನೆಯ ವಯಸ್ಸಿನಲ್ಲಿ, ಆಕೆ ಪ್ರಾಣ ಕಳೆದುಕೊಂಡರು. 2022ರಲ್ಲಿ ಜಪಾನು ನಿಂದನೆಯ ಅಪರಾಧಕ್ಕೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸುವಂತೆ ಕಾನೂನು ತಿದ್ದಿತು. ಬೆಡ್ಲಮ್ಮಿನಲ್ಲಿ ಕೋಲು ಹಾಕಿ ಕೆಣಕಲು ಆಸ್ಪತ್ರೆಯವರೆಗೆ ನಡೆದು ಹೋಗಬೇಕಿತ್ತು. ಈಗ ಕೋಲು ಎಲ್ಲರ ಜೇಬಿನಲ್ಲೇ ಇದೆ.

ಡೇರೆಯೊಳಗಿನ ನೋಟ

ಹಾಗಾದರೆ ಮನೋರೋಗವನ್ನು ನೋಡುವ ಸರಿಯಾದ ಬಗೆ ಯಾವುದು? ಉತ್ತರ ನಮ್ಮ ದೇಶದಲ್ಲೇ ಇದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಸೈನ್ಯದ ಹಳೆಯ ಡೇರೆಗಳನ್ನು ತರಿಸಿ ಆಸ್ಪತ್ರೆಯ ಆವರಣದಲ್ಲಿ ಹಾಕಿಸಿದರು. ರೋಗಿಯ ತಾಯಿಯೋ ಹೆಂಡತಿಯೋ ಅಣ್ಣನೋ ಜೊತೆಗೇ ಬಂದಿರಬೇಕು. ಅಡುಗೆ, ಊಟ, ಔಷಧಿ, ಮಾತುಕತೆ ಎಲ್ಲ ಒಟ್ಟಿಗೆ. ಬಂಧುಗಳು ರೋಗ ಉಲ್ಬಣಿಸಿದ್ದನ್ನು ಕಂಡಂತೆ ಇಳಿದದ್ದನ್ನೂ ಕಂಡರು. ಪಕ್ಕದ ಡೇರೆಯ ರೋಗಿ ಗುಣವಾಗಿ ಹೋದದ್ದನ್ನೂ ಕಂಡರು. ಊರಿಗೆ ಮರಳುವ ಹೊತ್ತಿಗೆ ಅವರ ಹೆದರಿಕೆ ಹೋಗಿರುತ್ತಿತ್ತು. ವೆಲ್ಲೂರಿನಲ್ಲೂ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಕುಟುಂಬ ಸಮೇತ ಚಿಕಿತ್ಸೆಯ ಈ ಪದ್ಧತಿ ಬೇರೂರಿತು. 1980ರ ದಶಕದಲ್ಲಿ ನಿಮ್ಹಾನ್ಸ್ ತಜ್ಞರು ಬಳ್ಳಾರಿ ಜಿಲ್ಲೆಯಲ್ಲಿ ಹಳ್ಳಿಯ ಆರೋಗ್ಯ ಕೇಂದ್ರಗಳ ಮೂಲಕವೇ ಮನೋರೋಗಕ್ಕೆ ಚಿಕಿತ್ಸೆ ಕೊಡುವ ಪ್ರಯೋಗ ನಡೆಸಿದರು. 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಅದೇ ಬಳ್ಳಾರಿ.

ಬೆಡ್ಲಮ್ಮಿಗೆ ಬಂದವನು ಅರ್ಧ ಗಂಟೆ ನೋಡಿದ. ಟಿ.ವಿ. ಪ್ರೇಕ್ಷಕ ಒಂದು ಗಂಟೆ ನೋಡುತ್ತಾನೆ. ಡೇರೆಯಲ್ಲಿದ್ದ ತಾಯಿ ವಾರಗಟ್ಟಲೆ ನೋಡಿದಳು. ಹತ್ತಿರದಿಂದ, ದೀರ್ಘಕಾಲ, ಜವಾಬ್ದಾರಿ ಹೊತ್ತು ನೋಡಿದಾಗ ‘ಹುಚ್ಚ’ ಮಾಯವಾಗಿ ಮಗ ಕಾಣಿಸುತ್ತಾನೆ.

ಹೊರನಾಡಿನಲ್ಲಿ ನೆಲೆಸಿದ ನಮ್ಮಂಥವರಿಗೆ ಈ ಮಾತು ಇನ್ನಷ್ಟು ಸಲ್ಲುತ್ತದೆ. ಮುಂಬಯಿಯ ಚಾಳಿನಲ್ಲಾಗಲಿ, ದೆಹಲಿಯ ಫ್ಲ್ಯಾಟಿನಲ್ಲಾಗಲಿ, ಮನೆಗಿರುವುದು ಒಂದು ಹಾಲು, ಹಾಲಿಗೊಂದು ಟಿ.ವಿ. ಅದರ ಮುಂದೆ ಎಲ್ಲರೂ ಕೂರುತ್ತಾರೆ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ಚಿಕಿತ್ಸೆ ಬೇಕಾದ ಮಾನಸಿಕ ತೊಂದರೆಯಿದೆ. ಅವರಲ್ಲಿ ಬಹುಪಾಲು ಮಂದಿ ಚಿಕಿತ್ಸೆಯನ್ನೇ ಪಡೆದಿಲ್ಲ. ಎಂದರೆ ಷೋ ನೋಡಿ ನಾವು ‘ಮೆಂಟಲ್ ಕೇಸು’ ಎಂದು ನಗುವಾಗ, ಅದೇ ಹಾಲಿನ ಮೂಲೆಯಲ್ಲಿ ಕೂತ ಮಗಳೋ, ಊರಿಂದ ಬಂದಿರುವ ಚಿಕ್ಕಪ್ಪನೋ, ಹೊಸದಾಗಿ ಬಾಣಂತಿಯಾದ ಸೊಸೆಯೋ ಆ ನಗುವನ್ನು ಕೇಳಿಸಿಕೊಳ್ಳುತ್ತಿರಬಹುದು. ನನಗೆ ಹೀಗಾಗುತ್ತಿದೆ ಎಂದು ಬಾಯಿ ಬಿಡಲು ಹೊರಟವರು ಆ ನಗು ಕೇಳಿದ ಮೇಲೆ ಬಾಯಿ ಮುಚ್ಚಿಕೊಳ್ಳುತ್ತಾರೆ. ಸಂಬಂಧ ತಪ್ಪೀತು, ಊರಲ್ಲಿ ತಿಳಿದೀತು ಎಂಬ ಅಂಜಿಕೆ ಮೊದಲೇ ಇದೆ. ಅದರ ಮೇಲೊಂದು ಬೀಗ ಬಿದ್ದಂತಾಗುತ್ತದೆ.

ಪರಭಾಷೆಯ ಊರಿನಲ್ಲಿ ವ್ಯಾಪಾರ ಮಾಡಬಹುದು, ಕಚೇರಿ ನಡೆಸಬಹುದು. ಮನಸ್ಸಿನ ನೋವನ್ನು ಹೇಳಿಕೊಳ್ಳಲು ಮಾತ್ರ ತಾಯ್ನುಡಿಯೇ ಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಕೇಂದ್ರ ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ಕರೆಗೆ ಹಣವಿಲ್ಲ, ಕನ್ನಡವೂ ಅದರ ಭಾಷೆಗಳಲ್ಲಿ ಒಂದು. ಸಂಘದ ಸದಸ್ಯರು ಈ ಸಂಖ್ಯೆಯನ್ನು ಹಾಲು, ಗ್ಯಾಸಿನವರ ಸಂಖ್ಯೆಗಳ ಪಕ್ಕದಲ್ಲೇ ಬರೆದಿಟ್ಟುಕೊಳ್ಳಲಿ. ಟಿ.ವಿ.ಯನ್ನು ಆರಿಸಿಬಿಡಿ ಎಂದು ಯಾರಿಗೂ ಹೇಳುವುದಿಲ್ಲ. ಹೇಳಿದರೆ ಕೇಳುವವರೂ ಇಲ್ಲ. ಪರದೆಯ ಮೇಲೆ ಯಾರಾದರೂ ಮುರಿದು ಅಳುವಾಗ, ಇವರ ಮನೆಯವರು ಎಲ್ಲಿದ್ದಾರೆ, ಇವರು ನಿದ್ದೆ ಮಾಡಿ ಎಷ್ಟು ದಿನವಾಯಿತು ಎಂದು ಗಟ್ಟಿಯಾಗಿ ಒಂದು ಮಾತು ಕೇಳಿದರೆ ಸಾಕು. ಹಾಲಿನಲ್ಲಿ ಕೂತವರಲ್ಲಿ ಅದನ್ನು ಕೇಳಿಸಿಕೊಳ್ಳಬೇಕಾದವರು ಕೇಳಿಸಿಕೊಳ್ಳುತ್ತಾರೆ.